ಸರಸ್ವತಿಯ ಮುಂದಿಟ್ಟ ಫ್ರೆಂಚ್ ಪುಸ್ತಕ

ಚಾಂಗಿ

ಸಿಂಗಪುರದಲ್ಲಿ ವಿಮಾನದಿಂದ ಇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಹೆಗಲ ಚೀಲದೊಳಗೆ ಕೈಹಾಕಿ ಪುಸ್ತಕ ಇದೆಯೇ ಎಂದು ಮುಟ್ಟಿ ನೋಡಿದ್ದು. ಬೆಂಗಳೂರಿನಲ್ಲಿ ಹತ್ತುವಾಗ ಇದ್ದದ್ದು ಆಕಾಶದಲ್ಲಿ ಎಲ್ಲಿಗೆ ಹೋದೀತು ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಪುಣ್ಯವಂತರು. ನನಗೆ ಮುಂದೆ ಆಗಬಹುದಾದ ಕೆಟ್ಟದ್ದೆಲ್ಲ ಮೊದಲೇ ಕಣ್ಣಿಗೆ ಕಟ್ಟುತ್ತದೆ. ಹಾಲು ಉಕ್ಕುವ ಮೊದಲು ಉಕ್ಕಿದ ವಾಸನೆ ಬರುವ ಮೂಗು ನನ್ನದು. ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದಾಗ ಹುಡುಗಿಯರು ನನ್ನ ಬೆನ್ನ ಹಿಂದೆ ನಗುತ್ತಿದ್ದದ್ದೂ ಇದಕ್ಕೇ. ಪರೀಕ್ಷೆಯ ದಿನ ನಾನು ಮೂರು ಪೆನ್ನು ತರುತ್ತಿದ್ದೆ, ಬರೆಯುವವರು ಅವರಾಗಿದ್ದರೂ.

ಚೀಲದಲ್ಲಿದ್ದದ್ದು ಎರಡು ವಸ್ತು. ಒಂದು, ಕಳೆದ ಶತಮಾನದ ಆರಂಭದಲ್ಲಿ ಬರೆಯುತ್ತಿದ್ದ ಒಬ್ಬ ಫ್ರೆಂಚ್ ಇತಿಹಾಸಕಾರನ ಪುಸ್ತಕ. ಇನ್ನೊಂದು, ಅದನ್ನು ಕನ್ನಡಕ್ಕೆ ತಂದ ನನ್ನ ಕೈಬರಹ, ಉದ್ದ ಹಾಳೆಗಳಲ್ಲಿ, ದಾರ ಹಾಕಿ ಹೊಲಿದದ್ದು. ಆ ಲೇಖಕನ ಹೆಸರು ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು 'ಆ ಮಹಾರಾಯ' ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮಹಾರಾಯ ತನ್ನ ದೇಶದ ರಾಜರ ಚರಿತ್ರೆ ಬರೆದ, ದಿನಪತ್ರಿಕೆಗೆ ದಿನವೂ ರಾಜಕೀಯ ಬರೆದ, ಪ್ರಜಾಪ್ರಭುತ್ವದ ನಡುವೆ ಕೂತು ರಾಜನೇ ಬೇಕು ಎಂದು ವಾದಿಸಿದ. ಅವನ ಈ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ರಾಜನಿಗಾಗಿ ಬೀದಿಗಿಳಿದ ಅವನ ಗೆಳೆಯರ ಗುಂಪಂತೂ ಇನ್ನೂ ಇಲ್ಲ. ಆದರೆ ಮೊದಲ ಮಹಾಯುದ್ಧ ಮುಗಿದು ಒಪ್ಪಂದದ ಶಾಯಿ ಆರುವ ಹೊತ್ತಿಗೆ ಅವನು ಈ ಸಣ್ಣ ಪುಸ್ತಕ ಬರೆದು, ಈ ಶಾಂತಿಯಿಂದಲೇ ಇನ್ನೊಂದು ಯುದ್ಧ ಹುಟ್ಟುತ್ತದೆ, ಇಂಥವರು ಇಂಥವರ ಮೇಲೆ ಬೀಳುತ್ತಾರೆ ಎಂದು ಹೇಳಿಬಿಟ್ಟ. ಜನ ನಕ್ಕರು. ಅದು ನಿಜವಾಗುವ ಮೊದಲೇ ಅವನು ತೀರಿಹೋದ. ಮುಂದಿನದು ಮೊದಲೇ ಕಂಡು ಯಾರಿಂದಲೂ ನಂಬಿಸಿಕೊಳ್ಳದೆ ಹೋದ ಆ ಮನುಷ್ಯನ ಮೇಲೆ ನನಗೆ ಯಾಕೆ ಅಷ್ಟು ಕಕ್ಕುಲಾತಿ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ನಿವೃತ್ತಿಯಾದ ಮೇಲಿನ ನನ್ನ ವರ್ಷಗಳೆಲ್ಲ ಆ ಅನುವಾದಕ್ಕೆ ಹೋದವು. ಬೆಂಗಳೂರಿನ ಪ್ರಕಾಶಕರು ಒಪ್ಪಿದರು, ಒಂದು ಷರತ್ತಿನ ಮೇಲೆ. ಫ್ರೆಂಚೂ ಕನ್ನಡವೂ ಎರಡೂ ಬಲ್ಲವರೊಬ್ಬರು ಕೇಳಿ, ಸರಿಯಾಗಿದೆ ಎನ್ನಬೇಕು. ಹಾಗೆ ಎರಡನ್ನೂ ಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ. ನನಗೆ ಫ್ರೆಂಚ್ ಕಲಿಸಿದ ಫಾದರ್. ಹರೆಯದಲ್ಲಿ ಫ್ರಾನ್ಸಿನಿಂದ ಬಂದು ಕೊಳ್ಳೇಗಾಲದ ಕಡೆಯ ಹಳ್ಳಿಗಳಲ್ಲಿ ದಶಕಗಟ್ಟಲೆ ಇದ್ದು, ಆಮೇಲೆ ಮೈಸೂರಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಭಾನುವಾರ ನಮಗೆ ಪಾಠ ಹೇಳುತ್ತಿದ್ದ ಪಾದ್ರಿ. ಆರೋಗ್ಯ ಕೆಟ್ಟ ಮೇಲೆ ಅವರ ಸಂಘದವರು ಅವರನ್ನು ಸಿಂಗಪುರದ ಒಂದು ವೃದ್ಧಾಶ್ರಮಕ್ಕೆ ಕರೆಸಿಕೊಂಡಿದ್ದರು.

ಫೋನಿನಲ್ಲಿ ಮಹಾರಾಯನ ಹೆಸರು ಹೇಳಿದಾಗ ಫಾದರ್ ಸುಮ್ಮನಾಗಿಬಿಟ್ಟಿದ್ದರು. ಲೈನ್ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, "ತಕೊಂಡ್ ಬಾ, ಕೇಳ್ತೀನಿ" ಎಂದಷ್ಟೇ ಹೇಳಿದರು. ಆ ಮೌನದ ಅರ್ಥ ಏನಿರಬಹುದು ಎಂದು ವೀಸಾ ಬರುವವರೆಗೂ ಯೋಚಿಸಿದೆ, ಬಂದ ಮೇಲೂ ಯೋಚಿಸಿದೆ. ಅವರು ಬೇಡ ಎಂದರೆ ಪುಸ್ತಕ ಇಲ್ಲ.

ಸೆರಂಗೂನ್

ನನ್ನ ತಂಗಿಯ ಮಗಳು ರಶ್ಮಿ, ಅವಳ ಗಂಡ ಗಿರೀಶ, ಮಗಳು ಅನ್ವಿ ಸೆರಂಗೂನಿನ ಒಂದು ಕಾಂಡೋದಲ್ಲಿ, ಅಂದರೆ ಬಹುಮಹಡಿ ವಸತಿಯಲ್ಲಿ, ಇದ್ದಾರೆ. ಗಿರೀಶನ ತಾಯಿ ಕಮಲಮ್ಮನವರು ದಸರಾ ಮಾಡಲೆಂದು ಮೈಸೂರಿನಿಂದ ಬಂದಿದ್ದರು. ಮೈಸೂರು ಬಿಟ್ಟು ದಸರಾ ಮಾಡಲು ಹೊರದೇಶಕ್ಕೆ ಬಂದ ಮೊದಲ ಹೆಂಗಸು ಅವರೇ ಇರಬೇಕು. ಅವರು ನಮಗೆ ಬೀಗಿತ್ತಿ, ಅದೂ ಗಂಡಿನ ಕಡೆಯವರು. ಹೆಣ್ಣಿನ ಕಡೆಯ ದೊಡ್ಡಮ್ಮನಾಗಿ ನಾನು ಅವರ ಎದುರು ಹೇಗೆ ಕೂರಬೇಕು, ಎಷ್ಟು ನಗಬೇಕು ಎಂದೆಲ್ಲ ಲಿಫ್ಟಿನಲ್ಲೇ ಲೆಕ್ಕ ಹಾಕಿಕೊಂಡೆ.

ಲೆಕ್ಕ ಹಾಕಿದ್ದು ದಂಡವಾಯಿತು. ಅವರು ಬಾಗಿಲು ತೆಗೆದವರೇ, "ಬನ್ನಿ, ಕಾಫಿ ಪುಡಿ ತಂದ್ರಾ?" ಎಂದರು.

ಆ ಮನೆಯಲ್ಲಿ ನನಗೆ ಹೆದರಿಕೆಯಾಗದ ವಸ್ತು ಇರಲಿಲ್ಲ. ಹದಿನಾಲ್ಕನೆಯ ಮಹಡಿಯ ಬಾಲ್ಕನಿ. ಬಟ್ಟೆ ಒಗೆಯುವ ಯಂತ್ರ ಮುಗಿದಾಗ ಹಾಡುವ ಹಾಡು. ಒಲೆಯಲ್ಲಿ ಬೆಂಕಿಯೇ ಕಾಣದೆ ಪಾತ್ರೆ ಕಾಯುವುದು. ಬಾಗಿಲಿಗೆ ಬೀಗವಿಲ್ಲ, ಸಂಖ್ಯೆ ಒತ್ತಬೇಕು. ನನಗೆ ಆ ಸಂಖ್ಯೆ ಹೇಳಿಕೊಟ್ಟ ಮರುಗಳಿಗೆಯೇ ಮರೆತುಹೋಗಿತ್ತು, ಕೇಳಲು ನಾಚಿಕೆ. ಅನ್ವಿಗೆ ಮಾತ್ರ ಗುಟ್ಟಾಗಿ ಹೇಳಿದೆ. ಅವಳು, "ರಿಲ್ಯಾಕ್ಸ್ ಲಾ ದೊಡ್ಡಜ್ಜಿ, ಮರ್ತೋದ್ರೆ ಬೆಲ್ ಮಾಡಿ, ನಾನ್ ಓಪನ್ ಮಾಡ್ತೀನಿ" ಎಂದಳು, ಅಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ. ಶಾಲೆಗೆ ಹೋದಾಗ ಏನು ಮಾಡುವುದು ಎಂದು ಕೇಳಲಿಲ್ಲ.

ನಾನು ಹೋದ ಮಾರನೆಯ ದಿನ ಮೂಲಾ ನಕ್ಷತ್ರ. ಸರಸ್ವತಿಯನ್ನು ಕೂರಿಸುವ ದಿನ. ನಮ್ಮಲ್ಲಿ ರೂಢಿಯಿರುವಂತೆ, ಅಂದು ಮನೆಯ ಪುಸ್ತಕಗಳನ್ನು ಜೋಡಿಸಿ ದೇವಿಯನ್ನು ಕರೆದರೆ, ವಿಜಯದಶಮಿಯ ಬೆಳಿಗ್ಗೆ ಕಳಿಸಿಕೊಡುವವರೆಗೆ ಅವನ್ನು ಮುಟ್ಟುವಂತಿಲ್ಲ, ಓದು ಬರಹ ಇಲ್ಲ. ಚಿಕ್ಕವರಿದ್ದಾಗ ನಮಗೆ ಇಡೀ ವರ್ಷದಲ್ಲಿ ಇದಕ್ಕಿಂತ ಪ್ರಿಯವಾದ ಪೂಜೆ ಇರಲಿಲ್ಲ.

ಕಮಲಮ್ಮನವರು ಮಣೆ ಹಾಕಿ, ಪಟ ಇಟ್ಟು, ಪುಸ್ತಕ ತನ್ನಿ ಎಂದರು. ಅನ್ವಿಯ ಶಾಲೆಯ ಪುಸ್ತಕ ಬಿಟ್ಟರೆ ಮನೆಯಲ್ಲಿ ಪುಸ್ತಕವೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಓದುವುದೆಲ್ಲ ಪರದೆಯ ಮೇಲೆ.

"ಅನ್ವಿ ಪುಸ್ತಕ ಇಡು" ಎಂದರು ಕಮಲಮ್ಮ.

"ಅತ್ತೆ, ಅವಳಿಗೆ ಎಕ್ಸಾಮ್ಸ್ ನಡೀತಿದೆ. ಮಂಡೇ ಮ್ಯಾತ್ಸ್" ಎಂದಳು ರಶ್ಮಿ. ಅನ್ವಿ ಮಾತ್ರ ಅಜ್ಜಿಯ ಪಕ್ಷ.

ಗಿರೀಶ ತನ್ನ ಐಪ್ಯಾಡ್ ತಂದು, "ಇದ್ರಲ್ಲೇ ಐನೂರು ಬುಕ್ಸ್ ಇದೆ ಅಮ್ಮ, ಇಟ್ಬಿಡಿ" ಎಂದ.

"ಅದು ಆಯುಧಪೂಜೆಗೆ ಬರುತ್ತೆ ಕಣೋ. ಕಾರು, ಮಿಕ್ಸಿ ಜೊತೆ. ಸರಸ್ವತಿಗೆ ಬರಲ್ಲ."

ಬರೀ ಮಣೆಯ ಮುಂದೆ ಎಲ್ಲರೂ ನಿಂತಿದ್ದೆವು. ರಶ್ಮಿಯ ಮುಖ ಸಣ್ಣದಾಗಿತ್ತು. ಆಗ ನಾನಾಗಿಯೇ, "ನನ್ನ ಪುಸ್ತಕ ಇದೆಯಲ್ಲ" ಎಂದೆ. ಬೀಗಿತ್ತಿಯನ್ನು ಮೆಚ್ಚಿಸುವ ಆತುರ ಅರ್ಧ. ದೇವಿಯ ಮುಂದೆ ನಾಲ್ಕು ದಿನ ಇದ್ದರೆ ಫಾದರ್ ಬಾಯಲ್ಲಿ ಒಳ್ಳೆಯ ಮಾತು ಬಂದೀತು ಎಂಬ ಆಸೆ ಅರ್ಧ. ಫಾದರ್ ನನಗೆ ಬರಹೇಳಿದ್ದದ್ದು ದಸರೆ ಕಳೆದ ಮೇಲಿನ ಶನಿವಾರ. ಎಲ್ಲ ಯೋಚಿಸಿಯೇ ಕೊಟ್ಟೆ. ಕಮಲಮ್ಮನವರು ಫ್ರೆಂಚ್ ಪುಸ್ತಕವನ್ನೂ ನನ್ನ ಹಾಳೆಯ ಕಟ್ಟನ್ನೂ ಕೆಂಪು ರವಿಕೆ ಕಣದಲ್ಲಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದರು. ರಾಜರೇ ಬೇಕೆಂದ ಆ ಕ್ರೈಸ್ತ ಮಹಾರಾಯನಿಗೆ ಹೀಗೆ ಮಂಗಳಾರತಿಯಾಯಿತು.

ಲಿಟಲ್ ಇಂಡಿಯಾ

ದುರ್ಗಾಷ್ಟಮಿಯ ದಿನ ಹೂವಿಗೆ, ವೀಳ್ಯದೆಲೆಗೆ ನಾನೂ ಕಮಲಮ್ಮನವರೂ ಲಿಟಲ್ ಇಂಡಿಯಾಕ್ಕೆ ಹೋದೆವು. ಎಂಆರ್‌ಟಿ ಎಂಬ ಮೆಟ್ರೋ ರೈಲಿನಲ್ಲಿ ಕೆಲವೇ ನಿಲ್ದಾಣ. ಅಷ್ಟರಲ್ಲೇ ನಾನು ಬಾಗಿಲ ಮೇಲಿನ ನಕ್ಷೆಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಕಮಲಮ್ಮನವರು ಪಕ್ಕದ ಚೀನೀ ಹೆಂಗಸಿನ ಮಗುವಿನ ಕೆನ್ನೆ ಸವರುತ್ತಾ ಕೂತಿದ್ದರು. ಆಕೆಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಹಲ್ಲು ಬಂದಿದೆಯಾ ಎಂಬ ವಿಷಯ ಇಬ್ಬರ ನಡುವೆ ಸಾಂಗವಾಗಿ ಇತ್ಯರ್ಥವಾಯಿತು.

ಅಲ್ಲಿಯ ಬೀದಿಯಲ್ಲಿ ಕಾಲಿಟ್ಟರೆ ಮಲ್ಲಿಗೆ, ಊದುಬತ್ತಿ, ಕರಿದ ಎಣ್ಣೆಯ ವಾಸನೆ ಒಟ್ಟಿಗೇ ಬಂತು. ದೇವರಾಜ ಮಾರುಕಟ್ಟೆಯನ್ನು ತೊಳೆದು ಒರೆಸಿ ಇಟ್ಟ ಹಾಗಿತ್ತು. ಹೂವಿನವನ ಹತ್ತಿರ ಕಮಲಮ್ಮನವರು ಮೈಸೂರು ಮಲ್ಲಿಗೆ ಇದೆಯಾ ಎಂದು ಕನ್ನಡದಲ್ಲೇ ಕೇಳಿ, ಅವನು ತಮಿಳಿನಲ್ಲಿ ಇಲ್ಲ ಎಂದು, ಐದು ನಿಮಿಷ ಜಗಳ ಸೊಗಸಾಗಿ ನಡೆಯಿತು.

ಕಾಲು ನೋಯುತ್ತಿತ್ತು. ಮಾರುಕಟ್ಟೆಯ ಕೆಳಗಿನ ಹಾಕರ್ ಸೆಂಟರಿನಲ್ಲಿ, ಅಂದರೆ ಸಾಲು ತಿಂಡಿ ಅಂಗಡಿಗಳ ಮಂಟಪದಲ್ಲಿ, ಕಾಫಿ ಕುಡಿಯೋಣವೆಂದು ಹೋದರೆ ಜನವೋ ಜನ. ಒಂದು ಮೇಜು ಮಾತ್ರ ಖಾಲಿ. ಅದರ ಮೇಲೆ ಟಿಶ್ಯೂ ಕಾಗದದ ಒಂದು ಸಣ್ಣ ಪೊಟ್ಟಣ ಇತ್ತು. ಈ ದೇಶದಲ್ಲಿ ಕೈ ಒರೆಸಲೂ ಕೊಡುತ್ತಾರಲ್ಲ ಎಂದು ಮೆಚ್ಚಿಕೊಂಡು, ಎರಡು ಹಾಳೆ ತೆಗೆದು ಮುಖ ಒರೆಸಿಕೊಂಡೆ. ತಟ್ಟೆ ಹಿಡಿದ ವಯಸ್ಸಾದ ದಂಪತಿಗಳು ಬಂದು ನಮ್ಮ ಎದುರು ನಿಂತು, ಪೊಟ್ಟಣವನ್ನು ನೋಡಿ, ನನ್ನ ಮುಖ ನೋಡಿ ಮುಗುಳ್ನಕ್ಕರು. ಆ ಪೊಟ್ಟಣ ಇಟ್ಟರೆ ಜಾಗ ಅವರದಾಯಿತು ಎಂದು ಅರ್ಥವಂತೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆಯುವುದಿಲ್ಲವೇ, ಹಾಗೆ. ನಾನು ಅವರ ಟವಲಿನಲ್ಲೇ ಮುಖ ಒರೆಸಿಕೊಂಡು ಕೂತಿದ್ದೆ. ನಾನು ಸಾರಿ ಸಾರಿ ಎನ್ನುತ್ತಾ ಎದ್ದೆ. ಅವರು ಬಿಡದೆ ಅದೇ ಮೇಜಿನಲ್ಲಿ ಜಾಗ ಮಾಡಿಕೊಟ್ಟರು. ಕಮಲಮ್ಮನವರು ಇದರಿಂದ ಪಾಠ ಕಲಿತು, ಕಾಫಿ ತರಲು ಏಳುವಾಗ ತಮ್ಮ ಕುರ್ಚಿಯ ಮೇಲೆ ವೀಳ್ಯದೆಲೆಯ ಕಟ್ಟು ಇಟ್ಟು ಹೋದರು.

ಆಗಲೇ ನನ್ನ ಫೋನು ಬಡಿದುಕೊಂಡಿತು. ವೃದ್ಧಾಶ್ರಮದ ನರ್ಸ್ ಗ್ರೇಸ್. ಫಿಲಿಪೀನ್ಸಿನ ಹುಡುಗಿ, ಹಿಂದೆ ಎರಡು ಸಲ ಮಾತಾಡಿದ್ದಳು. ಫಾದರನ್ನು ಅವರ ಸಂಘದವರು ಫ್ರಾನ್ಸಿಗೆ ಕರೆಸಿಕೊಳ್ಳುತ್ತಿದ್ದಾರೆ, ಇನ್ನು ಅಲ್ಲೇ ಇರುತ್ತಾರೆ, ಮುಂದಿನ ತಿಂಗಳು ಎಂದಿದ್ದ ವಿಮಾನ ನಾಡಿದ್ದು ಬೆಳಗಿನ ಜಾವಕ್ಕೆ ಬಂದಿದೆ ಎಂದಳು. ಬರುವುದಾದರೆ ನಾಳೆ ಬೆಳಿಗ್ಗೆ ಬನ್ನಿ. ನಾಳೆ ಬಿಟ್ಟರೆ ಇಲ್ಲ.

ಕಮಲಮ್ಮನವರು ತಂದಿಟ್ಟ ಕಾಫಿ ತಣ್ಣಗಾಗುವವರೆಗೂ ಕೂತಿದ್ದೆ. ವಿಮಾನ ಬೀಳುವುದು, ಪಾಸ್‌ಪೋರ್ಟ್ ಕಳೆಯುವುದು, ಫಾದರಿಗೆ ಮರೆವು ಬಂದಿರುವುದು, ಎಲ್ಲವನ್ನೂ ನಾನು ಮೊದಲೇ ಕಂಡಿದ್ದೆ. ಇದೊಂದು ಕಂಡಿರಲಿಲ್ಲ. ನಾಳೆ ಮಹಾನವಮಿ. ನನ್ನ ಪುಸ್ತಕ ಸರಸ್ವತಿಯ ಮುಂದೆ ಇದೆ.

ಮತ್ತೆ ಸೆರಂಗೂನ್

ಸಂಜೆ ವಿಷಯ ಹೇಳಿದಾಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಿರೀಶ, "ದೊಡ್ಡಮ್ಮ, ಫ್ರೆಂಚ್ ಬುಕ್ ನೆಟ್‌ನಲ್ಲಿ ಸಿಕ್ಕೇ ಸಿಗುತ್ತೆ. ಪ್ರಿಂಟ್ ತೆಗೆಸ್ತೀನಿ. ನಿಮ್ಮ ಟ್ರಾನ್ಸ್‌ಲೇಶನ್ ಸಾಫ್ಟ್ ಕಾಪಿ ಇದ್ಯಾ?" ಎಂದ. ಇರಲಿಲ್ಲ. ನನ್ನದು ಕೈಬರಹ. ಅದರ ಜೆರಾಕ್ಸ್ ಮೈಸೂರಿನ ಬೀರುವಿನಲ್ಲಿ ಇದೆ, ಬೀರುವಿನ ಬೀಗದ ಕೈ ನನ್ನ ಕತ್ತಿನಲ್ಲಿ.

"ಹಾಗಾದ್ರೆ ತೆಗ್ದುಬಿಡೋಣ. ಎಮರ್ಜೆನ್ಸಿ ಅಲ್ವಾ" ಎಂದು ಗಿರೀಶ ತಾಯಿಯ ಕಡೆ ನೋಡಿದ.

ಕಮಲಮ್ಮನವರು ಹೂ ಕಟ್ಟುತ್ತಿದ್ದರು. "ತಗೊಳ್ಲಿ. ನಾನೇನು ಅನ್ನಲ್ಲ" ಎಂದರು, ತಲೆ ಎತ್ತದೆ. ಆ 'ಅನ್ನಲ್ಲ'ದಲ್ಲಿ ಏನೇನು ಇತ್ತೆಂದು ಮದುವೆಯಾದ ಎಲ್ಲ ಹೆಂಗಸರಿಗೂ ಗೊತ್ತು, ಮದುವೆಯಾಗದ ನನಗೂ ಗೊತ್ತಾಯಿತು.

ರಶ್ಮಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಮಾತಿನಲ್ಲಿ ಹೇಳಿದಳು, "ದೊಡ್ಡಮ್ಮ, ಪ್ಲೀಸ್, ತೆಗೀಬೇಡಿ. ನೀವು ವಾಪಸ್ ಹೋಗ್ತೀರ. ಮುಂದೆ ಮನೇಲಿ ಯಾರಿಗೆ ಜ್ವರ ಬಂದ್ರೂ, ಅನ್ವಿಗೆ ಮಾರ್ಕ್ಸ್ ಕಮ್ಮಿಯಾದ್ರೂ, ಅವತ್ತು ಪೂಜೆ ಕೆಡಿಸಿದ್ದಕ್ಕೇ ಅಂತಾರೆ. ಅದನ್ನ ನಾನು ಕೇಳ್ಬೇಕು."

ನಾನು ದೇವರ ಮುಂದೆ ಹೋಗಿ ನಿಂತೆ. ರವಿಕೆ ಕಣದ ಗಂಟು ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಇತಿಹಾಸ ಓದಿದವಳು, ಮೂಢನಂಬಿಕೆಯ ಮೇಲೆ ಭಾಷಣ ಮಾಡಿದವಳು, ಕೈ ಚಾಚಲು ನನ್ನಿಂದಾಗಲಿಲ್ಲ. ರಶ್ಮಿಗಾಗಿ ಎಂದುಕೊಂಡೆ, ಆದರೆ ಪೂರ್ತಿ ನಿಜ ಅದಲ್ಲ. ನಾಳೆ ಫಾದರ್ ಸರಿಯಿಲ್ಲ ಎಂದರೆ, ಪೂಜೆಯಿಂದ ಎತ್ತಿದ್ದಕ್ಕೇ ಹೀಗಾಯಿತು ಎಂದು ಸಾಯುವವರೆಗೂ ನನಗೆ ಅನ್ನಿಸುತ್ತಿತ್ತು. ನನ್ನನ್ನು ನಾನು ಬಲ್ಲೆ. ಮುಟ್ಟಲಿಲ್ಲ, ಅಳು ಬಂತು.

ಕಮಲಮ್ಮನವರು ಹೂವಿನ ಬುಟ್ಟಿ ಎತ್ತಿಕೊಂಡು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. "ಓದಬಾರದು ಅಂತ ಇದೆ, ಬರೀಬಾರದು ಅಂತ ಇದೆ. ಹೇಳಬಾರದು ಅಂತ ನಮ್ಮತ್ತೆ ಯಾವತ್ತೂ ಅಂದಿಲ್ಲ. ಅಷ್ಟು ವರ್ಷ ಬರ್ದಿದೀರಿ. ಬಾಯಲ್ಲಿ ಇಲ್ವೇ?"

"ಪೂರ್ತಿ ಎಲ್ಲಿ ಬರುತ್ತೆ..."

"ನಂಗೆ ಹೇಳಿ ನೋಡೋಣ. ಅರ್ಥ ಆದ್ರೆ ಬಂತು ಅಂತ."

ಹೇಳಿದೆ. ಮೊದಮೊದಲು ತಡವರಿಸಿದೆ. ಯುದ್ಧ ಗೆದ್ದವರು ಸೋತವನನ್ನು ಕರೆದು, ತಪ್ಪೆಲ್ಲ ನಿನ್ನದು, ದಂಡ ಕಟ್ಟು ಎಂದರು. ಆದರೆ ಅವನ ಮನೆಯನ್ನು ಒಡೆಯಲಿಲ್ಲ, ಇಡಿಯಾಗಿ ಬಿಟ್ಟರು. ಅವನ ಪಕ್ಕದ ದೊಡ್ಡ ಮನೆಯನ್ನು ಮಾತ್ರ ಚೂರು ಚೂರು ಮಾಡಿ, ಸುತ್ತ ಸಣ್ಣ ಸಣ್ಣ ಸಂಸಾರ ಹೂಡಿಸಿದರು.

"ಅಂದ್ರೆ ಜಗಳಗಂಟ ಅಣ್ಣನಿಗೆ ದೊಡ್ಡ ಮನೆ, ಸುತ್ತ ಬಡ ತಮ್ಮಂದಿರಿಗೆ ಒಂದೊಂದು ಕೋಣೆ" ಎಂದರು ಕಮಲಮ್ಮ. "ಪಾಲು ಮಾಡಕ್ಕೇ ಬರಲ್ಲ ಆ ಜನಕ್ಕೆ. ಆಮೇಲೆ?"

ಆಮೇಲಿನದು ಹೇಳುತ್ತಾ ಹೋದಂತೆ ನನಗೆ ಆವೇಶ ಬಂತು. ಯಾವ ಕೋಣೆಗೆ ಮೊದಲು ನುಗ್ಗುತ್ತಾನೆ, ಯಾರು ನೋಡಿಯೂ ನೋಡದ ಹಾಗಿರುತ್ತಾರೆ, ಯಾರು ಬಾಗಿಲು ತೆಗೆದುಕೊಡುತ್ತಾರೆ. ಅನ್ವಿ ಮ್ಯಾತ್ಸ್ ಬಿಟ್ಟು ಬಂದು ಕೂತಳು. ಮುಗಿಸಿದಾಗ ಕಮಲಮ್ಮನವರು ಎದ್ದು ಹೋಗಿ, ಸಂಖ್ಯೆ ಒತ್ತುವ ಆ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎಳೆದು ನೋಡಿ ಬಂದರು.

ನನಗೆ ಹಿಗ್ಗಾಯಿತು. ಅವರಿಗೆ ಮುಟ್ಟಿದೆ ಎಂದುಕೊಂಡೆ.

ವುಡ್‌ಲ್ಯಾಂಡ್ಸ್

ಸೆರಂಗೂನಿನಿಂದ ಬಿಷನ್‌ಗೆ ಒಂದು ರೈಲು, ಅಲ್ಲಿಂದ ಉತ್ತರದ ತುದಿಯ ಕಡೆಗೆ ಇನ್ನೊಂದು. ಗಿರೀಶ ಆಫೀಸಿಗೆ ಹೋಗುವ ಮುಂಚೆ ಬಿಷನ್‌ನಲ್ಲಿ ರೈಲು ಹತ್ತಿಸಿ, ಇಳಿಯುವ ನಿಲ್ದಾಣದ ಹೆಸರನ್ನು ಎರಡು ಸಲ ಹೇಳಿಸಿದ. ಬಗಲಲ್ಲಿ ಚೀಲ ಹಗುರಾಗಿತ್ತು. ಆ ಹಗುರವೇ ನನ್ನನ್ನು ಹೆದರಿಸಿತು. ಮತ್ತೆ ಮತ್ತೆ ಕೈಹಾಕಿ ಖಾಲಿಯನ್ನೇ ಮುಟ್ಟಿ ನೋಡುತ್ತಿದ್ದೆ. ರೈಲು ನೆಲದಿಂದ ಮೇಲೆ ಬಂದಾಗ ಕಿಟಕಿಯಲ್ಲಿ ಒಂದೇ ಅಚ್ಚಿನ ಎತ್ತರದ ಮನೆಗಳು, ಕೋಲಿಗೆ ಸಿಕ್ಕಿಸಿ ಹೊರಗೆ ಚಾಚಿದ ಬಟ್ಟೆಗಳು. ಅಷ್ಟು ಮಹಡಿಯಿಂದ ಒಂದು ಕೋಲು ಬಿದ್ದರೆ ಕೆಳಗೆ ನಡೆಯುವವರ ಗತಿಯೇನು ಎಂದು ಒಂದೆರಡು ನಿಲ್ದಾಣ ಅದರಲ್ಲೇ ಕಳೆಯಿತು. ಬಾಯಲ್ಲಿ ಮಾತ್ರ ಮಹಾರಾಯನ ಪುಸ್ತಕದ ಮೊದಲ ಅಧ್ಯಾಯ ಮಣಮಣ ಆಡುತ್ತಿತ್ತು. ಎದುರಿನ ಸೀಟಿನ ಮಲಯ್ ಮುದುಕಿ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ತನ್ನ ಸೊಸೆಯನ್ನು ಸುಮ್ಮನಿರಿಸಿದಳು.

ವೃದ್ಧಾಶ್ರಮ ನಿಲ್ದಾಣದಿಂದ ಬಸ್ಸಿನ ದಾರಿ, ಮರಗಳ ನಡುವೆ, ಒಂದೇ ಅಂತಸ್ತಿನದು. ಗ್ರೇಸ್ ಬಾಗಿಲಲ್ಲೇ ಕಾದಿದ್ದಳು. ಫಾದರ್ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಆರಡಿ ಎತ್ತರದ ಮನುಷ್ಯ ಕುಗ್ಗಿ ಹುಡುಗನಷ್ಟಾಗಿದ್ದರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ನನ್ನ ಹೆಜ್ಜೆಯ ಕಡೆಗೆ ಮುಖ ತಿರುಗಿಸಿದರು.

"ಬಂದ್ಯಾ ರತ್ನವ್ವ? ಕೂತ್ಕೊ ಕನವ್ವ. ಮೈಸೂರಲ್ಲಿ ಮಳೆ ಆಯ್ತಾ?"

ಅದೇ ಕೊಳ್ಳೇಗಾಲದ ಕನ್ನಡ. ಭಾನುವಾರದ ಪಾಠದಲ್ಲಿ ನಾವು ಪಟ್ಟಣದ ಹುಡುಗಿಯರು ಈ ಬಿಳಿ ಪಾದ್ರಿಯ ಕನ್ನಡ ಕೇಳಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದೆವು. ಈಗ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದು ಕೂತು, ಆಯಿತು ಎಂದೆ.

"ಪುಸ್ತಕ ಎಲ್ಲವ್ವ? ತೆಗಿ."

ನಡೆದದ್ದನ್ನು ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಮೈ ಕುಲುಕಿಸಿ ನಕ್ಕರು. "ಎತ್ತದೆ ಇದ್ದದ್ದು ಒಳ್ಳೇದಾಯ್ತು ಬುಡು. ನಮ್ಮ ಇಸ್ಕೂಲ್ ಹೈಕಳು ಆ ದಿನಗಳಲ್ಲಿ ನನ್ನ ಪ್ರಾರ್ಥನೆ ಪುಸ್ತಕವನ್ನೂ ಕಿತ್ಕೊಂಡು ಹೂ ಇಟ್ಬುಡೋವು. ನಾನೂ ಬಾಯಲ್ಲೇ ಪ್ರಾರ್ಥನೆ ಮಾಡ್ತಿದ್ದೆ. ಹೇಳು, ಕೇಳ್ತೀನಿ. ಹೆಂಗಿದ್ರೂ ನನ್ನ ಕಣ್ಣಿಗೆ ಅಕ್ಸರ ಕಾಣಾಕಿಲ್ಲ."

ಹೇಳಲು ಶುರುಮಾಡಿದೆ. ನಿನ್ನೆಯ ಸಂಜೆ ಅಭ್ಯಾಸವಾಗಿತ್ತಲ್ಲ, ತಡೆಯಲಿಲ್ಲ. ಕೆಲವು ಕಡೆ ಮಹಾರಾಯನ ಫ್ರೆಂಚ್ ವಾಕ್ಯವನ್ನೇ ಹೇಳಿ, ನನ್ನ ಕನ್ನಡವನ್ನು ಅದರ ಪಕ್ಕಕ್ಕೆ ಇಟ್ಟೆ. ಫಾದರ್ ಕಣ್ಣು ಮುಚ್ಚಿ, ಕುರ್ಚಿಯ ಕೈ ಹಿಡಿದು ಕೂತಿದ್ದರು. ಒಂದೆರಡು ಕಡೆ ತಡೆದು, ಇನ್ನೊಂದು ಸಲ ಹೇಳು ಎಂದರು. ಪಾಠದ ದಿನಗಳಲ್ಲಿ ಹಾಗೆಂದರೆ ತಪ್ಪಾಗಿದೆ ಎಂದು ಅರ್ಥ. ಆದರೆ ಅವರು ಏನೂ ತಿದ್ದಲಿಲ್ಲ. ಬಿಸಿಲು ಜಗುಲಿಯ ಮೊದಲ ಮೆಟ್ಟಿಲಿಗೆ ಬರುವ ಹೊತ್ತಿಗೆ ನಾನು ಕೊನೆಯ ಅಧ್ಯಾಯ ಮುಗಿಸಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಫೋನಿನ ಆ ಮೌನವೇ.

"ಸರಿಯಾಗೇ ಅದೆ" ಎಂದರು ಕಡೆಗೆ. "ಅವ ಹೇಳಿದ್ದ ಒಂದನ್ನೂ ಬುಟ್ಟಿಲ್ಲ. ನಿನ್ನ ಪ್ರಕಾಶಕನಿಗೆ ಹೇಳು, ಫಾದರ್ ಸರಿಯಾಗದೆ ಅಂದ ಅಂತ."

ಇಷ್ಟಕ್ಕಾಗಿಯೇ ಅಲ್ಲವೇ ಸಮುದ್ರ ದಾಟಿ ಬಂದದ್ದು. ಕೈ ಮುಗಿದೆ. ಅವರಿಗೆ ಕಾಣಲಿಲ್ಲ.

"ಆದ್ರೆ ಇದು ಅವ ಬರ್ದ ಪುಸ್ತಕ ಅಲ್ಲ ಕನವ್ವ. ಇದು ನಮ್ಮಪ್ಪ ಓದ್ತಿದ್ದ ಪುಸ್ತಕ."

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಅವರ ತಂದೆ ಒಂದು ಸಣ್ಣ ಊರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಹಾರಾಯನ ಈ ಪುಸ್ತಕವನ್ನು ಇಟ್ಟುಕೊಂಡಿದ್ದರು, ಅವನು ಬರೆಯುವ ಪತ್ರಿಕೆಯನ್ನೂ ದಿನವೂ ತರಿಸುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಕ್ಕಳಿಗೆ ಅವನ್ನು ಗಟ್ಟಿಯಾಗಿ ಓದುವುದು ಪದ್ಧತಿ.

"ಓದಿ, ತಟ್ಟೇನ ಹಿಂದಕ್ಕೆ ತಳ್ಬುಡೋನು. ಇನ್ನೇನ್ ಉಣ್ಣೋದು, ಎಲ್ಲಾ ಹೋಯ್ತದೆ ಅನ್ನೋನು. ನಮ್ಮವ್ವ ತಟ್ಟೆ ಮುಂದಕ್ಕೆ ತಳ್ಳೋಳು. ನಾ ಕಣ್ ಬುಟ್ಟಾಗಿಂದ ನೋಡಿದ್ದು ಅದೇ. ಆ ಮಹಾರಾಯ ಸತ್ತ ಮೇಲೂ ಅಪ್ಪ ಹಳೇ ಪೇಪರ್ ತೆಗ್ದು ಓದ್ದ. ಯುದ್ದ ಬಂತು. ಅಪ್ಪ ಹೋದ, ಮತ್ತೆ ಬರ್ನಿಲ್ಲ. ಅವ ಹೇಳ್ದಂಗೇ ಆಯ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ಯುದ್ದಕ್ಕೂ ಮುಂಚೆ ಇದ್ದ ದಿನ ಇದ್ದವಲ್ಲ, ಒಳ್ಳೇ ದಿನ, ಅದನ್ನೂ ನಮ್ಮ ಮನೇಲಿ ಯಾರೂ ಉಣ್ನಿಲ್ಲ."

ಗ್ರೇಸ್ ನೀರು ತಂದಿಟ್ಟು ಹೋದಳು. ಫಾದರ್ ಲೋಟ ಮುಟ್ಟಲಿಲ್ಲ.

"ದೊಡ್ಡವನಾದ ಮೇಲೆ ನಾನೂ ಓದ್ದೆ ಅವನ. ನೋಡಿದ್ರೆ ಅವನಿಗೆ ಭಯವೇ ಇರ್ನಿಲ್ಲ. ಬಟ್ಟೆ ಅಳೆಯೋನು ಅಳೆದಂಗೆ ಬರ್ದವ್ನೆ. ಹಿಂಗೆ ಮಾಡಿದ್ರೆ ಹಿಂಗಾಯ್ತದೆ. ಅಷ್ಟೇಯ. ಭಯ ಎಲ್ಲಾ ನಮ್ಮಪ್ಪಂದು. ನೀ ಹೇಳೋವಾಗ ನಂಗೆ ನಮ್ಮಪ್ಪನ ದನಿ ಕೇಳ್ತು."

ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನ್ನ ಹಾಳೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಇವರಿಬ್ಬರ ನಡುವೆ ತಕರಾರು ಉಳಿಯುತ್ತದೆ ಎಂದು ಅವನು ಬರೆದಲ್ಲಿ ನಾನು ನೆತ್ತರಿನ ಕೋಡಿ ಹರಿಸಿದ್ದೆ. ಅವನು ಪೂರ್ಣವಿರಾಮ ಹಾಕಿ ಮುಂದೆ ಹೋದಲ್ಲಿ ನಾನು ಅಯ್ಯೋ ಎಂದು ನಿಂತಿದ್ದೆ. ಅವನು ತಣ್ಣಗೆ ಕೂತಿದ್ದ ಕುರ್ಚಿಯಲ್ಲಿ ಇಷ್ಟು ವರ್ಷ ನಡುಗುತ್ತಾ ಕೂತಿದ್ದವಳು ನಾನು. ಬಾಗಿಲು ಎಳೆದು ನೋಡಿದ ಕಮಲಮ್ಮನವರಿಗೆ ಮುಟ್ಟಿದ್ದು ಮಹಾರಾಯನಲ್ಲ. ನಾನು ಅವರಿಗೆ ನನ್ನ ರೋಗ ಅಂಟಿಸಿ ಬಂದಿದ್ದೆ.

"ಹಾಗಾದ್ರೆ ಅಚ್ಚಿಗೆ ಕೊಡಲೋ ಬೇಡವೋ ಫಾದರ್?"

"ಅದ ನನ್ನ ಕೇಳಬ್ಯಾಡ. ಸರಿಯಾಗದೆ ಅಂದಿವ್ನಿ. ಸುಳ್ಳು ಹೇಳ್ನಿಲ್ಲ."

ಊಟದ ಗಂಟೆ ಹೊಡೆಯಿತು. ಗ್ರೇಸ್ ನನಗೂ ಒಂದು ತಟ್ಟೆ ಹಾಕಿಸಿದ್ದಳು, ಅನ್ನ, ಸೊಪ್ಪು, ಹುರಿದ ತೋಫು. ಫಾದರ್ ಮೇಜಿನಲ್ಲಿ ನನ್ನ ಪಕ್ಕ ಕೂತರು. ನಾನು ಅನ್ನ ಕೆದಕುತ್ತಾ ಕೂತಿದ್ದೆ. ಆಗ ಅವರ ಕೈ ಮೇಜಿನ ಮೇಲೆ ತಡವರಿಸುತ್ತಾ ಬಂದು, ನನ್ನ ತಟ್ಟೆಯ ಅಂಚು ಸಿಕ್ಕಿ, ಬೆರಳಿನಿಂದ ಅನ್ನ ಎಷ್ಟಿದೆ ಎಂದು ಮುಟ್ಟಿ ನೋಡಿತು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸ್ವಲ್ಪ ತಳ್ಳಿತು.

ಯಾರ ತಟ್ಟೆಯನ್ನಾದರೂ ಅವರು ಹೀಗೆ ನೋಡುತ್ತಾರೆ, ಮೇಜಿನ ಎಲ್ಲರದೂ ಮುಗಿಯುವವರೆಗೆ ಏಳುವುದಿಲ್ಲ ಎಂದು ಗ್ರೇಸ್ ಮೆಲ್ಲಗೆ ಹೇಳಿದಳು. ನಾನು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡೆ. ಅವರು ಮತ್ತೆ ಮುಟ್ಟಿ ನೋಡಿ, ಬರೀ ತಟ್ಟೆ ಸಿಕ್ಕಮೇಲೆ ಎದ್ದರು.

ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿದೆ. "ಹೋಗ್ಬುಟ್ಟು ಬಾ" ಎಂದರು, ಕೊಳ್ಳೇಗಾಲದಿಂದ ಮೈಸೂರಿಗೆ ಬಸ್ಸು ಹತ್ತಿಸುವವರ ಹಾಗೆ. ಎಲ್ಲಿಗೆ ಬರುವುದು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ವುಡ್‌ಲ್ಯಾಂಡ್ಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಪ್ರಕಾಶಕರಿಗೆ ಫೋನ್ ಮಾಡಿದೆ. ಗಡಿ ದಾಟಿ ಮಲೇಷ್ಯಾದ ಜೊಹೋರಿಗೆ ಹೋಗುವವರು ಗಂಟುಮೂಟೆ ಹಿಡಿದು ಬಸ್ಸಿನ ಕಡೆ ಓಡುತ್ತಿದ್ದರು.

"ಏನಂದ್ರು ಮೇಡಂ ಫಾದರ್?"

"ಸರಿಯಾಗಿದೆ ಅಂದ್ರು."

"ಮತ್ತಿನ್ನೇನು. ನೀವು ಬಂದ ತಕ್ಷಣ ಡಿಟಿಪಿಗೆ ಕೊಟ್ಬಿಡೋಣ."

"ಬೇಡ. ಇನ್ನೊಂದು ಸಲ ಬರೀತೀನಿ. ಮೊದಲಿಂದ."

ಆ ಕಡೆ ಅವರಿಗೆ ಕೋಪ ಬಂದದ್ದು ಕೇಳಿಸಿತು. "ಮೇಡಂ, ಅವರೇ ಸರಿ ಅಂದ ಮೇಲೆ ಯಾಕೆ ಮತ್ತೆ? ಸರಿ, ಬರೀರಿ. ಆದ್ರೆ ಅದನ್ನ ಯಾರು ಕೇಳಿ ಸರಿ ಅನ್ನೋರು?"

"ಯಾರೂ ಇಲ್ಲ" ಎಂದೆ.

ರೈಲು ಬಂತು. ಜಾಗ ಸಿಕ್ಕಿತು. ನನ್ನ ಗುರುಗಳು ಒಪ್ಪಿದ ಪುಸ್ತಕವನ್ನು ನಾನು ಅಚ್ಚು ಹಾಕಿಸುವುದಿಲ್ಲ, ನಾನು ಬರೆಯಬೇಕಾದ ಪುಸ್ತಕವನ್ನು ಅವರು ಕೇಳುವುದಿಲ್ಲ. ಬಿಷನ್ ಬರುವವರೆಗೂ ಅತ್ತೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ತನ್ನ ಟಿಶ್ಯೂ ಪೊಟ್ಟಣವನ್ನು ನನ್ನ ಮಡಿಲಲ್ಲಿಟ್ಟು ಇಳಿದುಹೋದಳು.